ಪದ ಬೇಕಿದೆ: ರೆಟ್ರೋಫಿಟ್ ಮಾಡಿದ ಮಿಲ್ಲಿಂಗ್ ಮಶೀನಿನ ಫಲಕಕ್ಕೆ, ಶುಕ್ರವಾರ ಸಂಜೆಯೊಳಗೆ

ಭೋಸರಿ, ಪುಣೆ:

ನಮ್ಮ ಕನ್ನಡ ಪದಗಳ ಬಳಗಕ್ಕೆ ನಮಸ್ಕಾರ. ಅವಸರದ ಕೆಲಸ, ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ವರ್ಕ್‌ಶಾಪಿನ ಹಳೆಯ ವರ್ಟಿಕಲ್ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಿಲ್ಲಿಂಗ್ ಮಶೀನಿಗೆ ರೆಟ್ರೋಫಿಟ್ ಮಾಡಿಸಿದ್ದೇವೆ. ಬೀಡುಕಬ್ಬಿಣದ ಮೈ, ಸ್ಲೈಡು, ಬಾಲ್ ಸ್ಕ್ರೂ ಇನ್ನೂ ಗಟ್ಟಿ ಇವೆ. ಕೆಟ್ಟದ್ದು ತಲೆ, ಅಂದರೆ ಕಂಟ್ರೋಲ್. ಬ್ಯಾಟರಿ ಇಳಿದರೆ ಪ್ಯಾರಾಮೀಟರೆಲ್ಲ ಮಾಯ, ಡಿಸಿ ಸರ್ವೋ ಮೋಟಾರಿಗೆ ಕಾರ್ಬನ್ ಬ್ರಶ್ ಹುಡುಕಿ ಸಾಕಾಗಿತ್ತು. ಈಗ ಹೊಸ ಕಂಟ್ರೋಲ್, ಎಸಿ ಸರ್ವೋ, ಹೊಸ ವೈರಿಂಗ್. ಸ್ಪಿಂಡಲ್ (ಟೂಲನ್ನು ತಿರುಗಿಸುವ ಭಾಗ) ಟೂಲ್ ಹಿಡಿದು ಬಿಡುವ ನ್ಯೂಮ್ಯಾಟಿಕ್, ಅಂದರೆ ಗಾಳಿ ಒತ್ತಡದ, ಸರಂಜಾಮೂ ಬದಲಾಗಿದೆ: 110 ವೋಲ್ಟ್ ಎಸಿ ಕಾಯಿಲಿನ ವಾಲ್ವ್ ಹೋಗಿ 24 ವೋಲ್ಟ್ ಡಿಸಿಯವು ಬಂದಿವೆ, ಫಿಲ್ಟರ್ ರೆಗ್ಯುಲೇಟರ್ ಹೊಸದು, ಪಿಯು ಟ್ಯೂಬ್ ಹೊಸದು.

ಆಪರೇಟರುಗಳು ಬಹುತೇಕ ವಿಜಯಪುರ, ಕಲಬುರಗಿ ಕಡೆಯ ಹುಡುಗರು. ಮರಾಠಿ ಚೆನ್ನಾಗಿಯೇ ಮಾತಾಡುತ್ತಾರೆ, ಓದುವುದಕ್ಕೆ ಕನ್ನಡವೇ ಸಲೀಸು. ಮರಾಠಿ ಫಲಕ ಆಗಿದೆ. ಕನ್ನಡದ್ದು ಶುಕ್ರವಾರ ಸಂಜೆ ಸ್ಟಿಕರ್ ಅಂಗಡಿಗೆ ಹೋಗಲೇಬೇಕು, ಸೋಮವಾರ ಗಿರಾಕಿ ಕಂಪನಿಯವರ ಆಡಿಟ್ ಇದೆ.

ಒಂದು, ಮಶೀನಿನ ತಗಡಿನ ಮೇಲೆ 'ರೆಟ್ರೋಫಿಟ್' ಅನ್ನುವುದಕ್ಕೆ ಪದ. ಎರಡು, ಕೆಂಪು ಎಮರ್ಜೆನ್ಸಿ ಗುಂಡಿಗೆ 'ತುರ್ತು ನಿಲುಗಡೆ' ನಡೆಯುತ್ತದೆಯೇ? ಮೂರು, ಮೇಂಟೆನೆನ್ಸ್ ಹಾಳೆಯಲ್ಲಿ 'ನಾರ್ಮಲಿ ಕ್ಲೋಸ್ಡ್' ಅಂತ ವಾಲ್ವಿಗೂ ಇದೆ, ಸ್ವಿಚ್ಚಿಗೂ ಇದೆ. ಎರಡಕ್ಕೂ 'ಸಹಜವಾಗಿ ಮುಚ್ಚಿದ' ಅಂತ ಹಾಕಿಬಿಡಲೇ? ಕೊನೆಗೆ ಗಾಳಿ ಪ್ಯಾನೆಲಿನ ಎಚ್ಚರಿಕೆ. ನನ್ನ ಕರಡು ಹೀಗಿದೆ:

"ಕವರ್ ತೆರೆಯುವ ಮೊದಲು ಗಾಳಿ ಬಿಡಿ. ಸ್ಪಿಂಡಲ್ ತಿರುಗುವಾಗ ಟೂಲ್ ಬಿಡಿಸಬೇಡಿ."

ಮಾಟುಂಗಾ, ಮುಂಬಯಿ:

ರೆಟ್ರೋಫಿಟ್‌ಗೆ 'ನವೀಕರಣ'. ಇದಕ್ಕಿಂತ ಹೆಚ್ಚಿನದು ಬೇಡ. ಸ್ವಲ್ಪ ಗಾಂಭೀರ್ಯ ಬೇಕೆನಿಸಿದರೆ 'ಕಾಯಕಲ್ಪ' ಎನ್ನಿ. ಆದರೆ ಹುಮ್ಮಸ್ಸಿನಲ್ಲಿ 'ಗಾಳಿಯಂತ್ರ', 'ಮರುಸಂಯೋಜನೆ' ಎಂದು ಕನ್ನಡಕ್ಕೆ ಸಂಸ್ಕೃತ ಗಂಟುಹಾಕಲು ಹೋಗಬೇಡಿ. ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಅದಕ್ಕೆ ವಿನಾಯಿತಿ ಕೊಟ್ಟದ್ದು ಬಿರುದಾವಳಿಯಂಥ ಕಡೆಗಳಲ್ಲಿ. ನೀವು ಮಶೀನಿಗೆ ಬಿರುದು ಕೊಡುತ್ತಿಲ್ಲವಷ್ಟೇ.

ಠಾಣೆ:

> ಅರಿಸಮಾಸ

ಮಳೆಗಾಲವೂ ಅರಿಸಮಾಸವೇ ಅಲ್ಲವೇ ಹಿರಿಯರೇ? ಮುಂಬಯಿಯಲ್ಲಿ ಕೂತು ಅದಿಲ್ಲದೆ ಒಂದು ಜೂನ್ ತಿಂಗಳು ಕಳೆದು ತೋರಿಸಿ.

ಬೋಸರಿಯವರಿಗೆ: ಸಂಸ್ಕ್ರುತದ ಕಡೆಗೆ ಓಡುವ ಮುಂಚೆ ನಮ್ಮ ಕಣಜ ನೋಡಿಕೊಳ್ಳೋಣ. ರೆಟ್ರೋಪಿಟ್‌ಗೆ 'ಮರುಅಣಿ'. ಒತ್ತಿ ತುಂಬಿದ ಗಾಳಿಗೆ 'ಒತ್ತುಗಾಳಿ'. ಸ್ಪ್ರಿಂಗಿಗೆ 'ಸುರುಳಿ'. ಎಲ್ಲಕ್ಕಿಂತ ಮುಕ್ಯವಾಗಿ, ಸ್ಪಿಂಡಲ್ ಯಾಕೆ? ನಮ್ಮದೇ 'ಕದಿರು' ಇದೆಯಲ್ಲ! ನೂಲುವ ರಾಟೆಯ ಕದಿರು. ಇಂಗ್ಲಿಶಿನವರೂ ಹೊಸ ಪದ ಹುಟ್ಟಿಸಲಿಲ್ಲ, ನೂಲುವುದಕ್ಕೆ ಅವರಲ್ಲಿದ್ದ 'ಸ್ಪಿನ್'ನಿಂದ ಬಂದ ಹಳೆಯ ಪದವನ್ನೇ ಎತ್ತಿ ಮಶೀನಿಗೆ ಹಾಕಿಕೊಂಡರು. ಅವರ ಅಜ್ಜಿಯ ರಾಟೆ ಕಾರ್ಕಾನೆಗೆ ಬರಬಹುದು, ನಮ್ಮ ಅಜ್ಜಿಯದು ಬರಬಾರದೇ? ಕದಿರು ಅಂದರೆ ತೆನೆ, ಕದಿರು ಅಂದರೆ ಬೆಳಕಿನ ಎಳೆ. ತಮಿಳಿನ 'ಕದಿರ್'ಗೂ ಈ ಮೂರೂ ಅರ್ತ. ಮೊನೆಯಾಗಿ ಮುಂದೆ ಚಾಚಿದ್ದು ಎಂಬ ಒಂದೇ ಬೇರಿನಿಂದ ಮೂರೂ ಬಂದಿರಬೇಕು.

ಮಾಟುಂಗಾ:

'ಬಂದಿರಬೇಕು' ಎಂಬುದು ನಿರುಕ್ತವಲ್ಲ, ಆಸೆ. ಮೂರಕ್ಕೂ ಒಂದೇ ಬೇರು ಎನ್ನಲು ಆಧಾರ ಕೊಡಿ.

ಅಂದಹಾಗೆ ಮಹಾಪ್ರಾಣ ಬಿಟ್ಟವರು ತಾವಿರುವ ಊರಿನ ಹೆಸರನ್ನು ಹೇಗೆ ಬರೆಯುತ್ತಾರೆಂಬ ಕುತೂಹಲ ನನಗೆ ಬಹಳ ದಿನದಿಂದ ಇದೆ.

ವೆರ್ಣಾ, ಗೋವಾ:

ಮಾರಾಯ್ರೇ, ಕೇಳಿದವರಿಗೆ ಉತ್ತರ ಕೊಡಿ ಮೊದಲು.

ನಾನು ಟೂಲ್‌ರೂಮಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ನಮ್ಮ ಕಸುಬಿನಲ್ಲಿ ರೆಟ್ರೋಫಿಟ್ ಬೇರೆ, ರೀಕಂಡೀಷನ್ ಬೇರೆ. ಸ್ಲೈಡ್ ಕೆರೆದು ಸಮ ಮಾಡಿ, ಬಾಲ್ ಸ್ಕ್ರೂ, ಬೇರಿಂಗ್ ಬದಲಿಸಿ ಮೈಯನ್ನು ಸರಿಮಾಡುವುದು ರೀಕಂಡೀಷನ್. ಮೈ ಹಾಗೇ ಇಟ್ಟು ಕಂಟ್ರೋಲ್, ಡ್ರೈವ್ ಬದಲಿಸುವುದು ರೆಟ್ರೋಫಿಟ್. 'ನವೀಕರಣ' ಅಂದರೆ ಎರಡೂ ಆಯಿತು ಅಂತ ಆಡಿಟಿಗೆ ಬಂದವನು ತಿಳಿಯುತ್ತಾನೆ, ಆಮೇಲೆ ಸ್ಲೈಡಿನ ರಿಪೋರ್ಟ್ ಕೇಳುತ್ತಾನೆ. ಲೈಸೆನ್ಸಿಗೂ ನವೀಕರಣ, ಬಚ್ಚಲುಮನೆಗೂ ನವೀಕರಣ. ಕಾಯಕಲ್ಪವನ್ನು ಪೇಪರಿನವರು ಕೆರೆಗೂ ಬಸ್ ಸ್ಟ್ಯಾಂಡಿಗೂ ಹಂಚಿ ಮುಗಿಸಿದ್ದಾರೆ.

ಸುರುಳಿ ಅಂದವರಿಗೆ: ಡ್ರಾಬಾರಿನ (ಸ್ಪಿಂಡಲ್ ಒಳಗೆ ಟೂಲನ್ನು ಎಳೆದು ಹಿಡಿಯುವ ಸರಳಿನ) ಸ್ಪ್ರಿಂಗ್ ಸುರುಳಿ ಅಲ್ಲ. ಬಟ್ಟಲಿನಂತೆ ಸ್ವಲ್ಪ ತಗ್ಗಾದ ವಾಷರುಗಳನ್ನು ಒಂದರ ಮೇಲೊಂದು ಪೇರಿಸಿದ್ದು. ಟೂಲನ್ನು ಹಿಡಿದಿರುವುದು ಅದೇ, ಗಾಳಿ ಅಲ್ಲ. ಗಾಳಿ ಬಂದು ಸಿಲಿಂಡರ್ ಆ ಪೇರಿಕೆಯನ್ನು ಅದುಮಿದರೆ ಟೂಲ್ ಬಿಡುತ್ತದೆ. ಕಂಪ್ರೆಸರ್ ನಿಂತರೂ ಟೂಲ್ ಬೀಳುವುದಿಲ್ಲ.

ಈಗ ನಿಜವಾದ ತೊಂದರೆ. ಭೋಸರಿಯವರ ಕರಡಿನಲ್ಲಿ ಅಪಾಯ ಇರುವುದು ರೆಟ್ರೋಫಿಟ್‌ನಲ್ಲೂ ಅಲ್ಲ, ಸ್ಪಿಂಡಲ್‌ನಲ್ಲೂ ಅಲ್ಲ. 'ಗಾಳಿ ಬಿಡಿ' ಅನ್ನುವುದರಲ್ಲಿ. 'ನಲ್ಲಿಯಲ್ಲಿ ನೀರು ಬಿಟ್ಟರು' ಅಂದರೆ ನೀರು ಬಂತು ಅಂತಲ್ಲವೇ? 'ಕರೆಂಟ್ ಬಿಟ್ಟರು' ಅಂದರೂ ಬಂತು ಅಂತಲೇ. 'ಬಲೂನಿನ ಗಾಳಿ ಬಿಟ್ಟ' ಅಂದರೆ ಮಾತ್ರ ಹೋಯಿತು. ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಇದೇ ಮಾತು ಬರೆದಿದ್ದರು. ಹೊಸ ಹುಡುಗ ಅದನ್ನು ಓದಿ ಮೇನ್ ಕಾಕನ್ನು ಪೂರ್ತಿ ತೆರೆದ, ಆಮೇಲೆ ಫಿಟ್ಟಿಂಗಿನ ಕಾಲರ್ ಒತ್ತಿ ಟ್ಯೂಬ್ ಎಳೆದ. 6 ಬಾರ್ ಗಾಳಿಯಲ್ಲಿ ಟ್ಯೂಬು ಹಾವಿನ ಹಾಗೆ ಎಗರಿ ಕೆನ್ನೆ ಸೀಳಿತು. ಕಣ್ಣು ಉಳಿಯಿತು. ಅವನಿಗೆ ಓದು ಬಾರದೆ ಆದದ್ದಲ್ಲ ಇದು, ಸರಿಯಾಗಿಯೇ ಓದಿದ್ದ.

'ವಾಲ್ವ್ ತೆಗೆಯಿರಿ' ಅಂತಲೂ ಬರೆಯಬೇಡಿ. ಬಾಗಿಲು ತೆಗೆ ಅಂದರೆ ತೆರೆ, ಅಂಗಿ ತೆಗೆ ಅಂದರೆ ಬಿಚ್ಚು. ವಾಲ್ವನ್ನು ಏನು ಮಾಡಬೇಕು ಅವನು?

ಡೊಂಬಿವಲಿ:

ಪ್ಯಾನೆಲ್ ವೈರಿಂಗ್ ನನ್ನ ಹೊಟ್ಟೆಪಾಡು, ಅದಕ್ಕೆ ಮೂರನೆಯದಕ್ಕೆ ಮಾತ್ರ ಬಾಯಿ ಹಾಕುತ್ತೇನೆ. ಎರಡಕ್ಕೂ 'ಮುಚ್ಚಿದ' ಹಾಕಿದರೆ ಅನರ್ಥ ಖಂಡಿತ. ಕೆಂಪು ಗುಂಡಿಯ ಕಾಂಟ್ಯಾಕ್ಟ್ ಎನ್‌ಸಿ (ನಾರ್ಮಲಿ ಕ್ಲೋಸ್ಡ್), ಅಂದರೆ ಮುಟ್ಟದೆ ಇದ್ದಾಗ ಕರೆಂಟ್ ಹರಿಯುತ್ತಿರುತ್ತದೆ. ತಂತಿ ತುಂಡಾದರೂ ಮಶೀನು ನಿಲ್ಲಲಿ ಅಂತ ಹಾಗೆ ಮಾಡಿರುವುದು. ಸ್ಪಿಂಡಲ್ ಟೇಪರಿಗೆ (ಟೂಲ್ ಕೂರುವ ಬಾಯಿಗೆ) ಗಾಳಿ ಊದುವ ವಾಲ್ವೂ ಎನ್‌ಸಿ, ಆದರೆ ಅಲ್ಲಿ ಕಾಯಿಲಿಗೆ ಕರೆಂಟ್ ಇಲ್ಲದಾಗ ಗಾಳಿ ಹರಿಯುವುದಿಲ್ಲ. ಅಕ್ಷರ ಒಂದೇ, ಕೆಲಸ ತದ್ವಿರುದ್ಧ. ಎಲೆಕ್ಟ್ರಿಶಿಯನ್ನೂ ಫಿಟ್ಟರೂ ಜಗಳ ಆಡುವುದು ಇಲ್ಲಿಯೇ. ಸ್ವಿಚ್ಚಿಗೆ 'ಮುಟ್ಟದಿದ್ದಾಗ ಕೂಡಿರುತ್ತದೆ', ವಾಲ್ವಿಗೆ 'ಕರೆಂಟ್ ಇಲ್ಲದಾಗ ಗಾಳಿ ಬಂದ್' ಅಂತ ಬಿಡಿಸಿ ಬರೆಯಿರಿ. ಎರಡು ಸಾಲು ಜಾಸ್ತಿ ಆದರೆ ಆಗಲಿ.

ಹಾಗೆಯೇ ಟೂಲ್ ಬಿಡಿಸುವ ವಾಲ್ವ್ ಯಾವುದು ಹಾಕಿಸಿದ್ದೀರಿ? ಎರಡು ಕಾಯಿಲಿನದಾದರೆ ಕರೆಂಟ್ ಹೋದಾಗ ಇದ್ದಲ್ಲೇ ಇರುತ್ತದೆ. ಒಂದೇ ಕಾಯಿಲು, ಸ್ಪ್ರಿಂಗ್ ರಿಟರ್ನ್ ಇರಬೇಕು, ಆಗಲೇ ತಾನಾಗಿ ಹಿಡಿತಕ್ಕೆ ಮರಳುವುದು. ಪದಕ್ಕೆ ಸಂಬಂಧವಿಲ್ಲ, ಕೇಳಿದೆ ಅಷ್ಟೆ.

ಭೋಸರಿ:

ಒಂದೇ ಕಾಯಿಲಿನದ್ದೇ ಸರ್, 5/2 (ಐದು ಬಾಯಿ, ಎರಡು ಸ್ಥಿತಿ). ಸ್ಪಿಂಡಲ್ ಪೂರ್ತಿ ನಿಂತ ಸಿಗ್ನಲ್ ಬರುವ ತನಕ ಕಾಯಿಲಿಗೆ ಕರೆಂಟ್ ಹೋಗುವುದಿಲ್ಲ.

ವೆರ್ಣಾದವರ ಮಾತಿಗೆ ಕೈ ಮುಗಿದೆ. ಇನ್ನೊಂದು ಸಂಗತಿ ಹೇಳಬೇಕು. ನಮ್ಮದರಲ್ಲಿ ಕೆಂಪು ಗುಂಡಿ ಒತ್ತಿದರೆ ಮೋಟಾರುಗಳು ನಿಲ್ಲುತ್ತವೆ, ಹೆಡ್ ಕೆಳಗೆ ಜಾರದಂತೆ ಜೆಡ್ ಮೋಟಾರಿನ ಬ್ರೇಕ್ ಹಿಡಿಯುತ್ತದೆ, ಆದರೆ ಲೈನಿನ ಗಾಳಿ ಲೈನಿನಲ್ಲೇ ಇರುತ್ತದೆ. ಲೈನಿನ ಗಾಳಿ ಹೊರಹಾಕುವ ಡಂಪ್ ವಾಲ್ವನ್ನು ಎಮರ್ಜೆನ್ಸಿಗೆ ಜೋಡಿಸಬೇಕು ಅಂತ ನಾನು ಹೇಳಿದ್ದೆ, ಸದ್ಯಕ್ಕೆ ಕೈಯಿಂದ ತಿರುಗಿಸುವ ಕಾಕೇ ಇದೆ. 'ತುರ್ತು ನಿಲುಗಡೆ' ಓದಿ ಎಲ್ಲ ಸತ್ತಿತು ಅಂದುಕೊಂಡು ಕೈ ಹಾಕಿದರೆ?

ಮತ್ತೆ, ನಮ್ಮ ಹುಡುಗರು ಗಾಳಿ ಅನ್ನುವುದೇ ಇಲ್ಲ. ಟಯರಿಗೆ ಹವಾ, ಸಿಲಿಂಡರಿಗೆ ಹವಾ. 'ಸರ್, ಹವಾ ಕಡಿಮಿ ಐತ್ರಿ.' ಗಾಳಿ ಅವರಿಗೆ ಹೊಲದಲ್ಲಿ ಬೀಸುವಂಥದ್ದು. ಫಲಕದ ಮೇಲೆ ಹವಾ ಹಾಕಿದರೆ ಬಳಗದವರು ಬೈಯುತ್ತೀರಾ?

ಠಾಣೆ:

ಬಯ್ಯುತ್ತೇನೆ. ಹವಾ ಅರಬ್ಬಿ ಪದ, ಪಾರಸಿಯ ಬೆನ್ನೇರಿ ಬಂದದ್ದು. ಗಾಳಿ ನಮ್ಮದು: ತೆಲುಗಿನಲ್ಲಿ ಗಾಲಿ, ತಮಿಳಿನಲ್ಲಿ ಕಾಟ್ರು. ಮನೆಯಲ್ಲೇ ಇರುವುದನ್ನು ಬಿಟ್ಟು ಸಾಲ ತರುವುದು ಯಾಕೆ? ಮರಾಟಿ ಊರಿನಲ್ಲಿ ಇದ್ದು ಇದ್ದು ನಿಮಗೆ ಹವಾ ರೂಡಿಯಾಗಿದೆ, ಅಶ್ಟೇ.

'ನಿಲುಗಡೆ' ಬೇಡ ಅನ್ನುವುದನ್ನು ಒಪ್ಪುತ್ತೇನೆ. ಬೆಂಗಳೂರಿನಲ್ಲಿ ಅದು ಗಾಡಿ ನಿಲ್ಲಿಸುವ ಜಾಗ.

ಮಾಟುಂಗಾ:

ಹವಾ ಸಾಲವಾದರೆ 'ತುರ್ತು' ಯಾರ ಮನೆಯದು? ಸಂಸ್ಕೃತದ 'ತ್ವರಿತ' ಸವೆದು, ಉತ್ತರದ ಭಾಷೆಗಳ ಬಾಯಲ್ಲಿ ಹೊರಳಿ ನಮ್ಮಲ್ಲಿಗೆ ಬಂದದ್ದು. ಅದರ ಬಗ್ಗೆ ಚಕಾರವಿಲ್ಲ. 'ಹವಾಮಾನ' ಎಂದು ರೇಡಿಯೋದಲ್ಲಿ ಬಂದಾಗ ಕಿವಿ ಮುಚ್ಚಿಕೊಳ್ಳುತ್ತೀರಾ? ಹವಾ ಅರಬ್ಬಿ, ಮಾನ ಸಂಸ್ಕೃತ. ಕೇಶಿರಾಜ ಕೇಳಿದ್ದರೆ ಅರಿಸಮಾಸಕ್ಕೆ ಇನ್ನೊಂದು ಸೂತ್ರ ಬರೆಯುತ್ತಿದ್ದ. ಆದರೂ ಅದು ಕನ್ನಡವೇ. ಇನ್ನು ಅಚ್ಚಗನ್ನಡಕ್ಕೆ ಕವಿ ಆಂಡಯ್ಯನನ್ನು ಸಾಕ್ಷಿಗೆ ಕರೆಯುತ್ತೀರೆಂದು ಗೊತ್ತು, ಮೊದಲೇ ಹೇಳಿಬಿಡುತ್ತೇನೆ: ಆತ ಬಿಟ್ಟದ್ದು ತತ್ಸಮಗಳನ್ನು, ತದ್ಭವಗಳನ್ನಲ್ಲ.

ಠಾಣೆ:

ನಾನು ಆಂಡಯ್ಯನ ಹೆಸರೇ ಎತ್ತಿಲ್ಲ. ತಾವೇ ಕರೆದು ತಾವೇ ಬಯ್ದು ಕಳಿಸಿದಿರಿ.

ವೆರ್ಣಾ:

ಹುಡುಗರು ಹವಾ ಅಂದರೆ ಹವಾ. ಓದುವವನ ಬಾಯಿಯ ಮಾತು ಫಲಕಕ್ಕೆ. ಹೊಸ ಪದ ಬೇಕಾದರೆ ಪಾಠಪುಸ್ತಕದಲ್ಲಿ ಹಾಕಿ, ಅಲ್ಲಿ ಅರ್ಥ ಆಗದಿದ್ದರೆ ಮಾರ್ಕು ಹೋಗುತ್ತದೆ, ಬೆರಳಲ್ಲ. ಕದಿರೂ ಹಾಗೆಯೇ. ಪದ ಚಂದ, ನನಗೂ ಇಷ್ಟ. ಆದರೆ 'ಕದಿರು ತಿರುಗುವಾಗ' ಅಂತ ಓದಿದ ಹುಡುಗ ಒಂದು ಗಳಿಗೆ ಯೋಚನೆಗೆ ನಿಂತರೂ ಆ ಫಲಕ ದಂಡ.

ನನ್ನ ಸಲಹೆ: ಪ್ಯಾನೆಲಿನ ಎರಡು ಗುಂಡಿಗೆ 'ಟೂಲ್ ಹಿಡಿ', 'ಟೂಲ್ ಬಿಡು'. ಇಲ್ಲಿ 'ಬಿಡು' ಅಪಾಯವಿಲ್ಲ, ಪಕ್ಕದಲ್ಲಿ 'ಹಿಡಿ' ಇದೆಯಲ್ಲ. ಕೆಂಪು ಗುಂಡಿಗೆ ಬರೀ 'ನಿಲ್ಲಿಸು'. ಗಾಳಿಗೆ ಮಾತ್ರ ಒಂದೇ ಕ್ರಿಯಾಪದದಲ್ಲಿ ಮುಗಿಸಬೇಡಿ. ಕಾಕನ್ನು ಏನು ಮಾಡಬೇಕು, ಒಳಗೆ ಉಳಿದದ್ದು ಎಲ್ಲಿಗೆ ಹೋಗಬೇಕು, ಹೋಯಿತು ಅಂತ ಹೇಗೆ ಗೊತ್ತಾಗಬೇಕು, ಮೂರನ್ನೂ ಹೇಳಿ. ಮೀಟರಿನ ಮುಳ್ಳು ಎಲ್ಲರಿಗೂ ಕಾಣುತ್ತದೆ.

ಡೊಂಬಿವಲಿ:

ಕಾಕ್ ಬಂದ್ ಮಾಡಿದರೆ ಒಳಗಿನ ಗಾಳಿ ತಾನೇ ಹೊರಗೆ ಹೋಗುವಂಥ ಕಾಕೇ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ, ಪಕ್ಕದಲ್ಲಿ ಸಣ್ಣ ತೂತು ಇರುತ್ತದೆ. ಸಾದಾ ಬಾಲ್ ವಾಲ್ವ್ ಆದರೆ ಹೋಗುವುದಿಲ್ಲ, ಆಗ ಫಲಕದ ಮಾತೇ ಬೇರೆಯಾಗುತ್ತದೆ.

ಭೋಸರಿ:

ಈಗಷ್ಟೇ ಹೋಗಿ ನೋಡಿ ಬಂದೆ. ತೂತಿರುವ ಕಾಕೇ. ತಿರುಗಿಸಿದರೆ ಉಸ್ ಅಂತ ಖಾಲಿಯಾಗುತ್ತದೆ, ಬೀಗ ಹಾಕಲು ಕಿವಿಯೂ ಇದೆ. ಇದನ್ನು ಅಂಗಡಿಗೆ ಕಳಿಸುತ್ತಿದ್ದೇನೆ:

"ಈ ಕವರ್ ತೆರೆಯುವ ಮೊದಲು ಹವಾ ಕಾಕ್ ಬಂದ್ ಮಾಡಿ ಬೀಗ ಹಾಕಿ. ಒಳಗಿನ ಹವಾ ಪೂರ್ತಿ ಹೊರಗೆ ಹೋಗಲಿ. ಮುಳ್ಳು 0ಗೆ ಬಂದ ಮೇಲೆಯೇ ಕೈ ಹಾಕಿ. ಕೆಂಪು ಗುಂಡಿ ಒತ್ತಿದರೂ ಹವಾ ಒಳಗೇ ಇರುತ್ತದೆ."

"ಸ್ಪಿಂಡಲ್ ಪೂರ್ತಿ ನಿಂತ ಮೇಲೆಯೇ 'ಟೂಲ್ ಬಿಡು' ಒತ್ತಿ. ಒತ್ತುವಾಗ ಇನ್ನೊಂದು ಕೈಯಲ್ಲಿ ಟೂಲ್ ಹಿಡಿದುಕೊಳ್ಳಿ."

ತಗಡಿನ ಮೇಲೆ 'ರೆಟ್ರೋಫಿಟ್' ಅಂತಲೇ ಇಟ್ಟು, ಅದರ ಕೆಳಗೆ 'ಹೊಸದು: ಕಂಟ್ರೋಲ್, ಸರ್ವೋ, ನ್ಯೂಮ್ಯಾಟಿಕ್ಸ್. ಮೊದಲಿನದೇ: ಸ್ಲೈಡ್, ಬಾಲ್ ಸ್ಕ್ರೂ' ಅಂತ ಬರೆಸುತ್ತೇನೆ. ಮರುಅಣಿ ಕೊಟ್ಟವರು ಸಿಟ್ಟಾಗಬೇಡಿ.

ಠಾಣೆ:

ಸಿಟ್ಟಿಲ್ಲ. ಆದರೆ 'ಪೂರ್ತಿ' ಎರಡು ಸಲ ಬಂದಿದೆ. ಅದೂ ಸಂಸ್ಕ್ರುತ.

ಮಾಟುಂಗಾ:

'ಸಲ' ಯಾವುದು, ಅದನ್ನೂ ಹೇಳಿಬಿಡಿ.

ಡೊಂಬಿವಲಿ:

ಭೋಸರಿಯವರೇ, ಸ್ಟಿಕರ್ ಅಂಗಡಿಗೆ ವಾಟ್ಸಾಪಿನಲ್ಲಿ ಬರೀ ಅಕ್ಷರ ಕಳಿಸಬೇಡಿ. ಅವರ ಹಳೆಯ ಕೋರೆಲ್‌ಡ್ರಾನಲ್ಲಿ ಯುನಿಕೋಡ್ ಒತ್ತಕ್ಷರ ಬಿಚ್ಚಿಕೊಂಡು 'ಬಂದ್' ಇದ್ದದ್ದು 'ಬಂದ' ಆಗಿ ಕೂರುತ್ತದೆ. ನೀವೇ ಪಿಡಿಎಫ್ ಮಾಡಿ ಕೊಡಿ, ಅಕ್ಷರಗಳನ್ನು ಕರ್ವ್ಸ್‌ಗೆ (ಗೆರೆಯ ಚಿತ್ರಕ್ಕೆ) ಬದಲಿಸಿಯೇ ಕತ್ತರಿಸಲು ಹೇಳಿ. ಅಂಟಿಸುವ ಮುಂಚೆ ಒಬ್ಬ ಹುಡುಗನಿಗೆ ಕೊಟ್ಟು ಜೋರಾಗಿ ಓದಿಸಿ.