‘ಲೆಕ್ಕದ ಮನುಷ್ಯ’ ಎಂಬುದಕ್ಕೆ ವಿರುದ್ಧಪದ ಯಾವುದು?

ಪ್ರಶ್ನೆ:
ಆಪ್ತಸಮಾಲೋಚನೆಯ ಡಿಪ್ಲೊಮಾ ಓದುತ್ತಿರುವ ನಾನು, ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಕೆಲ್ಲಿಯವರು 1955ರಲ್ಲಿ ಎರಡು ಸಂಪುಟಗಳಲ್ಲಿ ಮಂಡಿಸಿದ ‘ಪರ್ಸನಲ್ ಕನ್‌ಸ್ಟ್ರಕ್ಟ್’ ಸಿದ್ಧಾಂತದ (ಪ್ರತಿಯೊಬ್ಬರೂ ಜನರನ್ನೂ ಸಂಗತಿಗಳನ್ನೂ ತಮ್ಮದೇ ಅಳತೆಗೋಲುಗಳಿಂದ, ಅಂದರೆ ‘ಕನ್‌ಸ್ಟ್ರಕ್ಟ್’ಗಳಿಂದ, ಅರ್ಥೈಸುತ್ತಾರೆ ಎಂಬ ಸಿದ್ಧಾಂತ) ಒಂದು ಅಭ್ಯಾಸವನ್ನು ಮಾಡಿ ನೋಡಿದೆ. ಪರಿಚಿತರ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಮೂರನ್ನು ಎತ್ತಿಕೊಂಡು, ಯಾವ ಇಬ್ಬರು ಯಾವ ವಿಷಯದಲ್ಲಿ ಒಂದೇ ತೆರನಾಗಿದ್ದು ಮೂರನೆಯವರಿಂದ ಬೇರೆಯಾಗುತ್ತಾರೆ ಎಂದು ಹೇಳಬೇಕು. ನನಗೆ ಬಂದವರು ದೊಡ್ಡಪ್ಪ, ಅಕ್ಕ ಮತ್ತು ಹಿಂದಿನ ಕಚೇರಿಯ ಹೆಡ್‌ಕ್ಲರ್ಕ್. ದೊಡ್ಡಪ್ಪ ಮತ್ತು ಹೆಡ್‌ಕ್ಲರ್ಕ್ ‘ಲೆಕ್ಕದ ಮನುಷ್ಯರು’ ಎಂದು ಬರೆದೆ. ಅಕ್ಕನ ಮುಂದೆ, ಯೋಚಿಸುವ ಮೊದಲೇ, ‘ನಂಬುವವಳು’ ಎಂದು ಬರೆದುಬಿಟ್ಟಿದ್ದೆ. ನ್ಯಾಯವಾಗಿ ಅಲ್ಲಿ ‘ದುಂದುಗಾರ್ತಿ’ ಎಂದಿರಬೇಕಿತ್ತಲ್ಲವೇ? ತಿದ್ದಬೇಕೇ?

ಉತ್ತರ 1:
ದಯವಿಟ್ಟು ತಿದ್ದಬೇಡಿ. ಕೆಲ್ಲಿಯವರ ಪ್ರಕಾರ ಪ್ರತಿ ಕನ್‌ಸ್ಟ್ರಕ್ಟಿಗೂ ಎರಡು ತುದಿಗಳಿರುತ್ತವೆ. ಎದುರು ತುದಿಯನ್ನು ನಿಘಂಟಿನಲ್ಲಿ ಹುಡುಕುವಂತಿಲ್ಲ, ಆ ವ್ಯಕ್ತಿಯನ್ನೇ ಕೇಳಬೇಕು. ಎದುರಿಗೆ ‘ದುಂದುಗಾರ’ ಎಂದು ಬರೆಯುವವನ ಬಾಯಲ್ಲಿ ‘ಲೆಕ್ಕದ ಮನುಷ್ಯ’ ಎಂಬುದು ಹೊಗಳಿಕೆ, ನಿಮ್ಮ ಬಾಯಲ್ಲಿ ಅದೇ ಮಾತು ದೂರು. ಭೌತಶಾಸ್ತ್ರ ಮತ್ತು ಗಣಿತದಲ್ಲಿ ಪದವಿ ಪಡೆದಿದ್ದ ಕೆಲ್ಲಿಯವರು 1930ರ ದಶಕದಲ್ಲಿ, ಬರ ಮತ್ತು ಧೂಳುಗಾಳಿಗೆ ಸಿಕ್ಕಿದ್ದ ಕ್ಯಾನ್ಸಾಸ್‌ನಲ್ಲಿ ಊರೂರಿಗೆ ಹೋಗಿ ಶಾಲೆಗಳಿಗೆ ಮನೋವೈಜ್ಞಾನಿಕ ನೆರವು ನೀಡುತ್ತಿದ್ದರು. ಬಂದವರಿಗೆ ಅವರು ಕೆಲವೊಮ್ಮೆ ಬೇಕೆಂದೇ ವಿಚಿತ್ರವಾದ ವಿವರಣೆಗಳನ್ನು ಕೊಟ್ಟು ನೋಡಿದರು. ಆ ವಿವರಣೆ ಬಂದವರ ಕಷ್ಟಕ್ಕೆ ಹೊಂದಿಕೊಂಡು, ಮುಂದಿನ ದಿನಗಳನ್ನು ಬೇರೆ ರೀತಿಯಲ್ಲಿ ಎದುರುನೋಡಲು ದಾರಿ ಮಾಡಿಕೊಟ್ಟರೆ ಗುಣ ಕಾಣುತ್ತಿತ್ತು. ನಡೆದ ಸಂಗತಿ ಒಂದೇ ಆದರೂ ಅದನ್ನು ಇನ್ನೊಂದು ಬಗೆಯಲ್ಲಿ ಅರ್ಥೈಸಲು ಯಾವಾಗಲೂ ಅವಕಾಶವಿದೆ ಎಂಬ ಅವರ ನಿಲುವಿನ ಹಿಂದೆ ಈ ಅನುಭವವಿದೆ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಮೂರೇ ಚೀಟಿಗಳಿಂದ ತೀರ್ಮಾನಕ್ಕೆ ಬರುವ ಆತುರ ಬೇಡ. ಹೀಗೆ ‘ಲೆಕ್ಕದ ಮನುಷ್ಯ, ನಂಬುವವಳು’ ಎಂಬಂಥ ಎದುರುಬದುರು ತುದಿಗಳ ಹಲವು ಜೋಡಿಗಳನ್ನು ತೆಗೆದು, ಪ್ರತಿ ಜೋಡಿಯನ್ನು ಒಂದು ಸಾಲಾಗಿ ಬರೆದು, ಅದರ ಮೇಲೆ ಚೀಟಿಯಲ್ಲಿರುವ ಎಲ್ಲರಿಗೂ, 1ರಿಂದ 7ರವರೆಗೆ ಎನ್ನೋಣ, ಅಂಕ ಕೊಟ್ಟಾಗಲೇ ಅದು ‘ರೆಪರ್ಟರಿ ಗ್ರಿಡ್’ ಎಂಬ ಕೋಷ್ಟಕ ಆಗುತ್ತದೆ. ಯಾವ ಜೋಡಿ ಯಾವುದರ ಜೊತೆಗೆ ಸಾಗುತ್ತದೆ ಎಂಬುದು ಆಗ ಕಾಣುತ್ತದೆ. ಗುಣವಾಚಕಗಳೇ ಬೇಕೆಂದೂ ಇಲ್ಲ. ನಮ್ಮ ತಾಯಿಯವರು ಯಾರನ್ನೂ ಒಳ್ಳೆಯವರು, ಕೆಟ್ಟವರು ಎಂದವರಲ್ಲ. ‘ಆ ಮನೆಯಲ್ಲಿ ನೀರನ್ನೂ ಕೇಳಿ ಕುಡಿಯಬೇಕು’ ಎಂದರೆ ಅಲ್ಲಿಗೆ ಹೆಣ್ಣು ಕೊಡುವ ಮಾತು ಮುಗಿಯುತ್ತಿತ್ತು. ಕೇಳುವ ಮೊದಲೇ ನೀರು ಬರುವ ಮನೆ, ಕೇಳಬೇಕಾದ ಮನೆ: ಅವರ ಲೋಕ ಹಾಗೆ ಎರಡಾಗಿತ್ತು. (‘ಕನ್‌ಸ್ಟ್ರಕ್ಟ್’ಗೆ ‘ರಚನೆ’ ಎನ್ನುವುದಕ್ಕಿಂತ ‘ಅಳತೆಗೋಲು’ ಎಂದರೆ ವಿದ್ಯಾರ್ಥಿಗಳಿಗೆ ಬೇಗ ತಿಳಿಯುತ್ತದೆ ಎಂಬುದು ನನ್ನ ಅನುಭವ.)

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ನಿಮ್ಮ ತಾಯಿಯವರ ಮಾತಿನಿಂದ ಹೊಳೆದು, ‘ಕರೆಯದೆ ಬರುವವರು, ಹೇಳಿಕಳಿಸಬೇಕಾದವರು’ ಎಂಬ ಇನ್ನೊಂದು ಸಾಲನ್ನು ಸೇರಿಸಿದೆ. ತಂದೆಯವರು ಆಸ್ಪತ್ರೆಯಲ್ಲಿದ್ದಾಗ ಮೂರು ರಾತ್ರಿ ಬೆಂಚಿನ ಮೇಲೆ ಕುಳಿತಿದ್ದವರು ದೊಡ್ಡಪ್ಪ. ಬಸ್ಸಿನ ಟಿಕೆಟ್ಟನ್ನೂ ಕಿರುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವರೂ ಅವರೇ. ಅಕ್ಕನಿಗೆ ಎರಡು ಸಲ ಫೋನ್ ಮಾಡಬೇಕಾಯಿತು. ಈಗ ಮೊದಲಿನ ಸಾಲಿನಲ್ಲಿ ದೊಡ್ಡಪ್ಪನಿಗೆ ಕೊಟ್ಟಿದ್ದ 1ನ್ನು ಹಾಗೆಯೇ ಬಿಡಬೇಕೋ, ಎರಡನೆಯ ಸಾಲನ್ನು ನೋಡಿದ ಮೇಲೆ ಬದಲಿಸಬಹುದೋ?

ಉತ್ತರ 2:
ಹಾಗೆಯೇ ಬಿಡಿ. ಎಲ್ಲ ಸಾಲುಗಳೂ ಮುಗಿದ ಮೇಲೆ, ಬೇರೆ ಹಾಳೆಯಲ್ಲಿ, ಇನ್ನೊಮ್ಮೆ ಅಂಕ ಹಾಕಿ.