ಕೋಳಿಯನ್ನು ಯಾರ ಮನೆಯಲ್ಲಿ ಬಿಡುವುದು? ಕಥಾ ಸಂಪಾದಕಿಗೆ ನಮ್ಮ ಗುಂಪಿನ ಪ್ರಶ್ನೆಗಳು

ನಿರ್ವಾಹಕರಿಂದ: ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಬರೆಯುವವರ ನಮ್ಮ ಗುಂಪಿನಲ್ಲಿ ಈ ವಾರ ಉತ್ತರಿಸಲು ಒಪ್ಪಿಕೊಂಡವರು ಕುಷ್ಟಗಿ ತಾಲ್ಲೂಕಿನವರೇ ಆದ ಒಬ್ಬ ಕಥಾ ಸಂಪಾದಕಿ. ಹದಿನೆಂಟು ವರ್ಷ ಒಂದು ಮಾಸಪತ್ರಿಕೆಯ ಕಥಾ ವಿಭಾಗ ನೋಡಿಕೊಂಡವರು. ಈಗ ಕೊಪ್ಪಳದ ಮನೆಯಲ್ಲೇ ಕುಳಿತು ವಿಶೇಷಾಂಕಗಳಿಗೆ ಕಥೆ ಓದಿಕೊಡುತ್ತಾರೆ. ಪತ್ರಿಕೆಯ ಹೆಸರು ಬೇಡ ಎಂದಿದ್ದಾರೆ. "ನನ್ನ ಕಥೆ ಏನಾಯಿತು" ಎಂದು ಯಾರೂ ಕೇಳಬಾರದು ಎಂಬ ಷರತ್ತನ್ನೂ ಹಾಕಿದ್ದಾರೆ.

ಪ್ರಶ್ನೆ (ಸಿಂಧನೂರಿನ ಶಿಕ್ಷಕರು): ನಮಸ್ಕಾರ ಮೇಡಂ. ಷರತ್ತು ಮುರಿಯುವುದಿಲ್ಲ, ಆದರೆ ಅದರ ಅಂಚಿನಲ್ಲೇ ಒಂದು ಪ್ರಶ್ನೆ. ಮೂರು ವರ್ಷಗಳಲ್ಲಿ ಬೇರೆ ಬೇರೆ ಪತ್ರಿಕೆಗಳಿಗೆ ಏಳು ಕಥೆ ಕಳುಹಿಸಿದ್ದೇನೆ. ಒಂದಕ್ಕೂ ಉತ್ತರವಿಲ್ಲ. ಬಂದ ಕಥೆಯನ್ನು ನೀವು ಕೊನೆಯವರೆಗೆ ಓದುತ್ತೀರಾ?

ಉತ್ತರ: ನಮಸ್ಕಾರ ಸರ್. ಇಲ್ಲ, ಎಲ್ಲವನ್ನೂ ಓದುವುದಿಲ್ಲ. ಮೊದಲ ಪುಟವನ್ನು ಮಾತ್ರ ಎಲ್ಲರದ್ದೂ ಓದುತ್ತೇನೆ. ಎರಡನೇ ಪುಟಕ್ಕೆ ಹೋಗಬೇಕೆಂದು ಅನ್ನಿಸದಿದ್ದರೆ ನಡುವಿನ ಒಂದು ಪುಟ ತೆಗೆದು ನೋಡುತ್ತೇನೆ. ನಮ್ಮವರ ಕಥೆಗಳು ಬಹಳ ಸಲ ಮೂರನೇ ಪುಟದಲ್ಲಿ ಶುರುವಾಗುತ್ತವೆ, ಅದಕ್ಕೆ.

ಒಂದು ಉದಾಹರಣೆ ಕೊಡುತ್ತೇನೆ. ಗುಳೆ ಹೋಗುವವರ ಕಥೆಗಳು ನಮ್ಮ ಮೂರೂ ಜಿಲ್ಲೆಗಳಿಂದ ಪ್ರತಿ ವರ್ಷ ಬರುತ್ತವೆ, ಬರಲೂ ಬೇಕು. ಒಂದು ಕಥೆ ಹೀಗೆ ಆರಂಭವಾಗಿತ್ತು: "ಬರಗಾಲದ ಬೇಗೆಯಲ್ಲಿ ಬೆಂದ ಆ ಊರಿನ ಮೇಲೆ ಸೂರ್ಯ ಕೆಂಡ ಕಾರುತ್ತಿದ್ದ." ಆಮೇಲೆ ಒಂದೂವರೆ ಪುಟ ಬರಗಾಲದ ವರ್ಣನೆ, ಅರ್ಧ ಪುಟ ಸಾಲದ ಲೆಕ್ಕ. ಮೂರನೇ ಪುಟದ ನಡುವೆ ಒಂದು ವಾಕ್ಯ: "ಕೋಳಿಯನ್ನು ಯಾರ ಮನೆಯಲ್ಲಿ ಬಿಡಬೇಕು ಎಂಬುದು ಮಾತ್ರ ರಾತ್ರಿಯವರೆಗೂ ತೀರ್ಮಾನವಾಗಲಿಲ್ಲ." ನಾನು ನೆಟ್ಟಗೆ ಕುಳಿತೆ. ಬೆಂಗಳೂರಿನ ಬಸ್ಸು ಹತ್ತಬೇಕಾದ ಹೆಂಗಸು ಪಕ್ಕದ ಮನೆಯವಳ ಜೊತೆ ಕೂತು, ತಾನು ತಿರುಗಿ ಬರುವವರೆಗೆ ಕೋಳಿ ಇಡುವ ಮೊಟ್ಟೆ ಯಾರಿಗೆ, ಕಾವಿಗೆ ಕೂರಿಸಿದರೆ ಮರಿಗಳು ಯಾರಿಗೆ ಎಂದು ಚೌಕಾಸಿ ಮಾಡುತ್ತಾಳೆ. ಹಾಕಿದ್ದು ಆ ಕಥೆಯನ್ನೇ. ಲೇಖಕರನ್ನು ಕೇಳಿಕೊಂಡು, ಸೂರ್ಯನನ್ನು ಇಳಿಸಿ ಕೋಳಿಯಿಂದಲೇ ಆರಂಭಿಸಿದೆವು.

ಅದೇ ಶಿಕ್ಷಕರು: ಕ್ಷಮಿಸಿ ಮೇಡಂ, ಒಪ್ಪುವುದು ಕಷ್ಟ. ಇಡೀ ಊರೇ ಖಾಲಿಯಾಗುವ ಸಂಕಟ ಒಂದು ಕೋಳಿಯಲ್ಲಿ ಮುಗಿಯಿತೇ? ಬರಗಾಲ ಗೊತ್ತಿಲ್ಲದವರಿಗೆ ಯಾರು ಹೇಳಬೇಕು?

ಉತ್ತರ: ಬರಗಾಲವನ್ನು ಹೇಳಬೇಡಿ ಎಂದು ನಾನೆಲ್ಲಿ ಹೇಳಿದೆ ಸರ್? ಆ ಚೌಕಾಸಿಯ ನಡುವೆ ಪಕ್ಕದ ಮನೆಯವಳು, "ಕಾಳು ಎಲ್ಲಿಂದ ತರಲಿ?" ಎಂದು ಕೇಳುತ್ತಾಳೆ. ಒಂದೂವರೆ ಪುಟದ ಬರಗಾಲ ಆ ಪ್ರಶ್ನೆಯಲ್ಲಿದೆ. ಸಂಕಟ ಎಂಬ ಶಬ್ದ ನನ್ನ ಮೇಜಿಗೆ ದಿನಕ್ಕೆ ಹತ್ತು ಸಲ ಬರುತ್ತದೆ. ಕೋಳಿ ಒಂದೇ ಸಲ ಬಂದಿತ್ತು.

ಪ್ರಶ್ನೆ (ಗಂಗಾವತಿ, ಗೃಹಿಣಿ): ಅಕ್ಕಾ, ಕಥೆ ಚೆನ್ನಾಗಿದ್ದರೂ ತಿರಸ್ಕರಿಸುತ್ತೀರಂತೆ. ಹೌದೇ?

ಉತ್ತರ: ಹೌದು ತಂಗಿ. ಬರೆಯುವವರಿಗೆ ಕಾಣದ ವ್ಯವಹಾರ ಇದು. ನಾನು ಆರಿಸುವುದು ಕಥೆಯನ್ನಷ್ಟೇ ಅಲ್ಲ, ಸಂಚಿಕೆಯನ್ನು. ಒಂದೇ ಸಂಚಿಕೆಯಲ್ಲಿ ಎರಡು ಕಥೆಗಳಲ್ಲಿ ತಂದೆ ಸತ್ತರೆ ಓದುಗರು ಎರಡನೆಯ ತಂದೆಗೆ ಅಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತಲ್ಲ, ಅದಾದ ಮೇಲೆ ನಿಮ್ಮ ಕಡೆಯಿಂದಲೇ ಗೇಟು, ಕಾಲುವೆ, ಭತ್ತದ ಗದ್ದೆಯ ಕಥೆಗಳು ಒಂದರ ಹಿಂದೊಂದು ಬಂದವು. ಎರಡು ನಿಜಕ್ಕೂ ಚೆನ್ನಾಗಿದ್ದವು. ಜಾಗವಿದ್ದದ್ದು ಒಂದಕ್ಕೆ. ಇನ್ನೊಂದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಳ್ಳೋಣವೆಂದರೆ ಅಷ್ಟರಲ್ಲಿ ಅದೇ ವಸ್ತುವಿನ ಕಥೆ ಬೇರೊಂದು ಪತ್ರಿಕೆಯಲ್ಲಿ ಬಂದಿತ್ತು. ಆ ಬರಹಗಾರ್ತಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? "ಸ್ವೀಕೃತವಾಗಿಲ್ಲ" ಎಂಬ ಒಂದು ಸಾಲು ಹೋಗಿರುತ್ತದೆ, ಕೆಲವು ಕಡೆ ಅದೂ ಹೋಗುವುದಿಲ್ಲ. ಉತ್ತರ ಕೊಡದಿರುವುದು ನಮ್ಮ ವೃತ್ತಿಯ ಕೆಟ್ಟ ಚಾಳಿ. ನಾನೂ ಮಾಡಿದ್ದೇನೆ.

ಪುಟದ ಲೆಕ್ಕವೂ ಇದೆ. ನಮ್ಮಲ್ಲಿ ಮೂರು ಸಾವಿರ ಪದ ದಾಟಿದರೆ ಒಂದು ಜಾಹೀರಾತನ್ನು ಬಿಡಬೇಕಾಗುತ್ತಿತ್ತು. ಜಾಹೀರಾತು ಬಿಟ್ಟುಕೊಟ್ಟು ಕಥೆ ಹಾಕಿಸುವ ಶಕ್ತಿ ನನಗೆ ವರ್ಷಕ್ಕೊಮ್ಮೆ ಬರುತ್ತಿತ್ತು. ದಿನಪತ್ರಿಕೆಯ ಭಾನುವಾರದ ಪುರವಣಿಗೆ ಇನ್ನೂ ಚಿಕ್ಕದು ಬೇಕು. ಆದ್ದರಿಂದ ಕಳುಹಿಸುವ ಮುನ್ನ ಆ ಪತ್ರಿಕೆಯ ಎರಡು ಸಂಚಿಕೆ ಕೊಂಡು, ಅದರಲ್ಲಿ ಬಂದ ಕಥೆ ಎಷ್ಟು ಉದ್ದವಿದೆ ಎಂದು ಎಣಿಸಿ ನೋಡಿ.

ಪ್ರಶ್ನೆ (ಬಳ್ಳಾರಿ, ಎಂ.ಎ. ವಿದ್ಯಾರ್ಥಿ): ಮೇಡಂ, ನಮ್ಮ ಭಾಗದ ಆಡುಮಾತಿನಲ್ಲಿ ಸಂಭಾಷಣೆ ಬರೆದರೆ ಬೆಂಗಳೂರಿನ ಸಂಪಾದಕರು ತಿದ್ದುತ್ತಾರೆ ಎಂದು ಹಿರಿಯರು ಹೆದರಿಸುತ್ತಾರೆ. ಕಷ್ಟದ ಪದಗಳಿಗೆ ಪಕ್ಕದಲ್ಲೇ ಅರ್ಥ ಕೊಟ್ಟರೆ ಆಯ್ಕೆಯಾಗುವ ಸಾಧ್ಯತೆ ಹೆಚ್ಚೇ?

ಉತ್ತರ: ಹಿಂದೆ ತಿದ್ದುತ್ತಿದ್ದರು. ಈಗ ಆಡುಮಾತನ್ನು ಮುಟ್ಟುವವರು ಕಡಿಮೆ. ತೊಂದರೆ ಬೇರೆ ಕಡೆಗಿದೆ: ಮೊದಲ ಪುಟದಲ್ಲಿ ಮಾನ್ವಿಯವನಂತೆ ಮಾತನಾಡುವ ಗೌಡ ಐದನೇ ಪುಟದಲ್ಲಿ ಸಿಟ್ಟು ಬಂದ ಕೂಡಲೇ ಪಠ್ಯಪುಸ್ತಕದ ಕನ್ನಡ ಮಾತನಾಡುತ್ತಾನೆ. ಸಿಟ್ಟು ಬಂದಾಗ ಆಡುಮಾತು ಇನ್ನೂ ಗಟ್ಟಿಯಾಗಬೇಕಲ್ಲವೇ?

ಅರ್ಥ ಕೊಡುವುದರ ಬಗ್ಗೆ. ಒಂದು ಕಥೆಯಲ್ಲಿ "ಹಗೇವು (ನೆಲದಡಿಯಲ್ಲಿ ಜೋಳ ಶೇಖರಿಸುವ ಗುಂಡಿ)" ಎಂದಿತ್ತು. ಆವರಣ ಹೊಡೆದುಹಾಕಲು ಪೆನ್ನು ಎತ್ತಿದೆ. ಮುಂದಿನ ಸಾಲಿನಲ್ಲಿ "ಹಗೇವು ತೆಗೆದು ಜೋಳ ಮಾರಿದರು" ಎಂದು ಮುಗಿದುಹೋಗಿತ್ತು. ಲೇಖಕರಿಗೆ ಫೋನ್ ಮಾಡಿದೆ: "ನಿಮ್ಮ ಮನೆಯಲ್ಲಿ ಹಗೇವು ಹೇಗೆ ತೆಗೆಯುತ್ತಿದ್ದರು?" ಅವರು ಹೇಳತೊಡಗಿದರು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತದೆ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು. ದೀಪ ಆರಿದರೆ ಇನ್ನೂ ಕಾಯುವುದು. ಉರಿಯುತ್ತಿದ್ದರೆ ಮೈಕಟ್ಟು ಸಣ್ಣದಿರುವ ಹುಡುಗನನ್ನು ಇಳಿಸುವುದು. ಅವರ ಮನೆಯಲ್ಲಿ ಆ ಹುಡುಗ ಇವರೇ. ನಾನು ಕೇಳಿದೆ, "ಇದನ್ನು ಬಿಟ್ಟು ಆವರಣದಲ್ಲಿ ಅರ್ಥ ಬರೆದಿರಲ್ಲ, ಯಾಕೆ?" ಅದರಲ್ಲೇನಿದೆ ಮೇಡಂ, ಎಲ್ಲರಿಗೂ ಗೊತ್ತಿದ್ದದ್ದೇ ಎಂದರು. ನಮ್ಮ ಕಡೆಯ ಬರಹಗಾರರಿಗೆ ಹಿಡಿದಿರುವ ಗಾಳಿ ಇದು: ತಮ್ಮ ಮನೆಯಲ್ಲಿ ಇರುವುದು ಕಥೆಯಲ್ಲ, ಕಥೆ ಧಾರವಾಡದಲ್ಲೋ ಮೈಸೂರಿನಲ್ಲೋ ಇದೆ ಎಂಬ ನಂಬಿಕೆ.

ಪ್ರಶ್ನೆ (ಲಿಂಗಸೂಗೂರು): ದೊಡ್ಡ ಹೆಸರಿನವರ ಕಥೆ ಹೇಗಿದ್ದರೂ ಬರುತ್ತದೆ, ನಮ್ಮದು ಬರುವುದಿಲ್ಲ. ನೇರವಾಗಿ ಉತ್ತರಿಸಿ.

ಉತ್ತರ: ನೇರವಾಗಿಯೇ ಹೇಳುತ್ತೇನೆ. ದೀಪಾವಳಿ ವಿಶೇಷಾಂಕದಲ್ಲಿ ನಮಗೆ ಆರು ಕಥೆಗಳ ಜಾಗವಿದ್ದರೆ ಮೂರೋ ನಾಲ್ಕೋ ನಾವೇ ಕೇಳಿ ತರಿಸಿಕೊಂಡವು. ಮುಖಪುಟದಲ್ಲಿ ಹಾಕಲು ಹೆಸರು ಬೇಕು, ಅದನ್ನು ನೋಡಿಯೇ ಜನ ಕೊಳ್ಳುತ್ತಾರೆ. ಕೇಳಿ ತರಿಸಿದ ಕಥೆ ಸಪ್ಪೆಯಾಗಿದ್ದರೆ ತಿರುಗಿ ಕಳುಹಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ನನಗೆ ಎರಡು ಸಲ ಇತ್ತು, ಹಲವು ಸಲ ಇರಲಿಲ್ಲ. ಹಾಗಾಗಿ ಹೊಸಬರು ವಿಶೇಷಾಂಕಕ್ಕೇ ಜೋತುಬೀಳಬೇಡಿ. ಯಾರ ಕಣ್ಣೂ ಬೀಳದ ಸಾಮಾನ್ಯ ತಿಂಗಳುಗಳಲ್ಲಿ ನಮಗೆ ಒಳ್ಳೆಯ ಕಥೆಯ ಬರ ಇರುತ್ತದೆ.

ಹೆಸರಿನ ಹಂಗು ಬೇಡವೆಂದರೆ ಸ್ಪರ್ಧೆಗೆ ಕಳುಹಿಸಿ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥವುಗಳಲ್ಲಿ ತೀರ್ಪುಗಾರರು ಬೇರೆ ಇರುತ್ತಾರೆ. ಕಥೆಯ ಹಾಳೆಯ ಮೇಲೆ ಹೆಸರು ಬರೆಯಬಾರದು ಎಂದಿದ್ದರೆ ಬರೆಯಬೇಡಿ. ಪ್ರತಿ ಪುಟದ ಕೆಳಗೆ ಸಹಿ ಹಾಕಿ ಕಳುಹಿಸಿದವರನ್ನೂ ನೋಡಿದ್ದೇನೆ.

ಪ್ರಶ್ನೆ (ಯಲಬುರ್ಗಾ, ಪದವಿ ವಿದ್ಯಾರ್ಥಿನಿ): ಮೇಡಂ, ಎರಡು ಕಥೆಗಳ ನಡುವೆ ಗೊಂದಲವಾದರೆ ಹೇಗೆ ತೀರ್ಮಾನಿಸುತ್ತೀರಿ?

ಉತ್ತರ: ನನಗೆ ಇದನ್ನು ಕಲಿಸಿದವರು ನಮ್ಮ ಪತ್ರಿಕೆಯ ಚಿತ್ರಕಾರರು. ಕಥೆ ಅಂತಿಮವಾದ ಮೇಲೆ ಅವರಿಗೆ ಒಂದು ವಾರ ಮುಂಚೆ ಕೊಡಬೇಕಿತ್ತು. ಕೆಲವು ಕಥೆಗಳನ್ನು ಓದಿ ತಿರುಗಿ ಬಂದು, "ಇದರಲ್ಲಿ ಏನು ಬರೆಯಲಿ? ಒಬ್ಬ ಕುಳಿತು ಯೋಚಿಸುತ್ತಿದ್ದಾನೆ, ಅಷ್ಟೇ" ಎನ್ನುತ್ತಿದ್ದರು. ಮೊದಮೊದಲು ನನಗೆ ರೇಗುತ್ತಿತ್ತು. ಆಮೇಲೆ ನೋಡಿದರೆ ಅವರು ಚಿತ್ರ ಸಿಗಲಿಲ್ಲ ಎಂದ ಕಥೆಗಳು ನನಗೂ ಮರುವಾರಕ್ಕೆ ಮರೆತುಹೋಗಿರುತ್ತಿದ್ದವು. ಈಗ ಗೊಂದಲವಾದರೆ ಎರಡನ್ನೂ ನಾಲ್ಕು ದಿನ ಮುಚ್ಚಿಡುತ್ತೇನೆ. ಅಡುಗೆ ಮಾಡುವಾಗಲೋ ಬಟ್ಟೆ ಒಣಹಾಕುವಾಗಲೋ ಯಾವುದರ ಯಾವ ವಸ್ತು ತಾನಾಗಿ ನೆನಪಿಗೆ ಬರುತ್ತದೆಯೋ ಆ ಕಥೆ.

ಎಲ್ಲ ಕಥೆಗಳಿಗೂ ಈ ಪರೀಕ್ಷೆ ಒಗ್ಗುವುದಿಲ್ಲ ಎಂದು ನನಗೂ ಗೊತ್ತು. ಬರೀ ಧ್ವನಿಯಿಂದ ನಡೆಯುವ ಕಥೆಗಳಿವೆ. ಅಂಥವನ್ನು ಗಟ್ಟಿಯಾಗಿ ಓದಿ ನೋಡುತ್ತೇನೆ. ಮನೆಯವರು ಯಾರ ಜೊತೆ ಜಗಳ ಎಂದು ಬಂದು ನೋಡಿ ಹೋಗುತ್ತಾರೆ.

ಪ್ರಶ್ನೆ (ರಾಯಚೂರು, ಬ್ಯಾಂಕ್ ಉದ್ಯೋಗಿ): ಫೇಸ್‌ಬುಕ್‌ನಲ್ಲಿ ಹಾಕಿದ ಕಥೆ ಕಳುಹಿಸಬಹುದೇ? ಪ್ರಕಟವಾದ ಮೇಲೆ ಹಕ್ಕು ಯಾರದ್ದು? ನನ್ನ ಸಂಕಲನದಲ್ಲಿ ಸೇರಿಸಲು ಪತ್ರಿಕೆಯ ಅನುಮತಿ ಬೇಕೇ?

ಉತ್ತರ: ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನು ಹೆಚ್ಚಿನ ಪತ್ರಿಕೆಗಳು ಪ್ರಕಟಿತ ಎಂದೇ ಎಣಿಸುತ್ತವೆ. ಕಳುಹಿಸಬೇಡಿ. ಒಂದೇ ಕಥೆಯನ್ನು ಇಬ್ಬರಿಗೆ ಕಳುಹಿಸಬೇಡಿ. ಮೂರು ತಿಂಗಳು ಕಾದು, ಹಿಂತೆಗೆದುಕೊಂಡಿದ್ದೇನೆ ಎಂದು ಒಂದು ಸಾಲು ಬರೆದು ಬೇರೆಯವರಿಗೆ ಕಳುಹಿಸಿ.

ಹಕ್ಕು ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ವಹಿಸಿಕೊಡುವುದು ಲಿಖಿತವಾಗಿ, ನಿಮ್ಮ ಸಹಿಯೊಂದಿಗೆ ಆಗಬೇಕು. ಆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದು ತಿಳಿಯಬೇಕು, ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ. ನೀವು ಪತ್ರಿಕೆಯ ನೌಕರರಲ್ಲದೆ ಹೊರಗಿನಿಂದ ಬರೆದು, ಇಂಥ ಯಾವ ಕಾಗದಕ್ಕೂ ಸಹಿ ಹಾಕಿರದಿದ್ದರೆ ಸಂಕಲನಕ್ಕೆ ಯಾರನ್ನೂ ಕೇಳಬೇಕಿಲ್ಲ. "ಮೊದಲು ಇಂಥ ಪತ್ರಿಕೆಯಲ್ಲಿ ಪ್ರಕಟ" ಎಂದು ಹಾಕುವುದು ಮರ್ಯಾದೆ. ಸ್ಪರ್ಧೆಯ ನಿಯಮಗಳನ್ನು ಮಾತ್ರ ಎರಡು ಸಲ ಓದಿ, ಹಕ್ಕಿನ ಮಾತು ಹೆಚ್ಚಾಗಿ ಅಲ್ಲಿ ಅಡಗಿರುತ್ತದೆ. ಸಂಭಾವನೆಯ ಬಗ್ಗೆ ಯಾರೂ ಕೇಳಲಿಲ್ಲ, ಒಳ್ಳೆಯದಾಯಿತು. ಹೇಳಿಕೊಳ್ಳುವಂತಿಲ್ಲ.

ಪ್ರಶ್ನೆ (ಕಾರಟಗಿ): ಎಐ ಬಳಸಿ ಬರೆದದ್ದು ನಿಮಗೆ ಗೊತ್ತಾಗುತ್ತದೆಯೇ?

ಉತ್ತರ: ಪ್ರತಿ ಸಲ ಗೊತ್ತಾಗುತ್ತದೆ ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ಆದರೆ ಇತ್ತೀಚೆಗೆ ಬಂದ ಒಂದು ಕಥೆಯಲ್ಲಿ ಎರೆ ಹೊಲದ ರೈತ ಮಳೆ ಬಿದ್ದ ಮರುಬೆಳಿಗ್ಗೆ ಹೊಲದಲ್ಲಿ ಸರಸರನೆ ಓಡಾಡಿದ. ಎರೆಮಣ್ಣು ಮಳೆಗೆ ನೆಂದಾಗ ಕಾಲಿಗೆ ಹೇಗೆ ಮೆತ್ತಿಕೊಳ್ಳುತ್ತದೆ, ಚಪ್ಪಲಿ ಹೇಗೆ ಸೇರಿನ ತೂಕವಾಗುತ್ತದೆ ಎಂಬುದು ನಡೆದವರಿಗೆ ಗೊತ್ತು. ಯಂತ್ರ ಬರೆದಿದ್ದೋ ಎರೆ ಹೊಲ ತುಳಿಯದ ಮನುಷ್ಯ ಬರೆದಿದ್ದೋ, ಎರಡಕ್ಕೂ ನನ್ನ ಉತ್ತರ ಒಂದೇ ಆಗಿತ್ತು.

ಪ್ರಶ್ನೆ (ಹೊಸಪೇಟೆಯಿಂದ, ಜಿಲ್ಲೆ ಬೇರೆಯಾದರೂ ಗುಂಪು ಬಿಟ್ಟಿಲ್ಲ): ನೀವು ಕೈಬಿಟ್ಟು ಆಮೇಲೆ ಪೇಚಾಡಿದ ಕಥೆ ಇದೆಯೇ ಮೇಡಂ?

ಉತ್ತರ: ಇದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಪಕ್ಕದ ಊರಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವನ ಕಥೆ. ಒಗೆದು ಹರವಿದ ಬಿಳಿ ಬಟ್ಟೆಯ ಮೇಲೆ ಬೂದಿ ಕೂರುತ್ತದೆ, ಅವನು ಬೀಸುವ ಗಾಳಿ ನೋಡಿ ಬಟ್ಟೆ ಹರವುತ್ತಾನೆ. ಅಂದು ಮಧ್ಯಾಹ್ನ ಊಟವಾದ ಮೇಲೆ ಓದಿದೆ, ಆ ದಿನದ ಎಷ್ಟನೆಯದೋ. ಮೊದಲ ಪುಟದ ತುಂಬ ಇಸ್ತ್ರಿ ಪೆಟ್ಟಿಗೆ, ಇದ್ದಿಲು, ಗಂಜಿ. ನಿಧಾನ ಎನಿಸಿ ಪಕ್ಕಕ್ಕಿಟ್ಟೆ. ಮರುವರ್ಷ ಬೇರೆ ಪತ್ರಿಕೆಯಲ್ಲಿ ಅದೇ ಕಥೆ, ಒಂದಕ್ಷರ ಬದಲಾಗದೆ ಬಂತು. ಬೆಳಿಗ್ಗೆ ಚಹಾ ಕುಡಿಯುತ್ತ ಓದಿದೆ. ಇದ್ದಿಲು, ಗಂಜಿ ಎಲ್ಲವೂ ಇರಬೇಕಾದಲ್ಲೇ ಇದ್ದವು. ನಿಧಾನ ಕಥೆಯದ್ದಲ್ಲ, ನನ್ನ ಊಟದ್ದು. ಅಂದಿನಿಂದ ಹೊಸಬರ ಕಥೆಗಳನ್ನು ಬೆಳಿಗ್ಗೆಯೇ ಓದುತ್ತೇನೆ. ದೊಡ್ಡ ಹೆಸರುಗಳೆಲ್ಲ ಮಧ್ಯಾಹ್ನಕ್ಕೆ.

ಆ ಲೇಖಕರಿಗೆ ತಪ್ಪೊಪ್ಪಿಗೆಯ ಕಾಗದ ಬರೆದೆ. ಖುಷಿಪಟ್ಟು ಮತ್ತೊಂದು ಕಥೆ ಕಳುಹಿಸಿದರು. ಬೆಳಿಗ್ಗೆಯೇ ಓದಿದೆ. ಚೆನ್ನಾಗಿರಲಿಲ್ಲ, ಹಾಕಲಿಲ್ಲ.

ಸಿಂಧನೂರಿನ ಶಿಕ್ಷಕರು: ಮೇಡಂ, ಎಂಟನೆಯ ಕಥೆ ಸಿದ್ಧವಿದೆ. ಸೂರ್ಯ ಎರಡನೇ ಪುಟದಲ್ಲಿದ್ದಾನೆ.

ಉತ್ತರ: ಕಳುಹಿಸಿ ಸರ್. ಯುನಿಕೋಡ್‌ನಲ್ಲಿರಲಿ, ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಕಳುಹಿಸಿದರೆ ನನ್ನ ಮೊಬೈಲ್‌ನಲ್ಲಿ ಬರೀ ಅಡ್ಡತಿಡ್ಡ ಗೆರೆಗಳು ಕಾಣುತ್ತವೆ. ಹಾಳೆಯ ಫೋಟೊ ತೆಗೆದು ಕಳುಹಿಸುವುದಂತೂ ಬೇಡವೇ ಬೇಡ. ದೀಪಾವಳಿ ಸಂಚಿಕೆ ಭರ್ತಿಯಾಗಿದೆ. ಯುಗಾದಿಗೆ ನೋಡೋಣ.