ಎಂಟು ತಿಂಗಳಾಗ ಹುಟ್ಟಿದ ಕೂಸು, ಎತ್ಕೊಳ್ಳಾಕ ಧೈರ್ಯನ ಬರವಲ್ದು

ಗಂಗಾವತಿ_ಹೊಸಅವ್ವ:
ಅಕ್ಕಾರ, 32 ವಾರಕ್ಕ ಹೆರಿಗಿ ಆತು, ಕೂಸು 1 ಕೆಜಿ 450 ಗ್ರಾಂ, ಹನ್ನೆರಡು ದಿನದಿಂದ ದವಾಖಾನ್ಯಾಗ ಬೆಚ್ಚಗಿಡೋ ಪೆಟ್ಟಿಗ್ಯಾಗ (ಇನ್‌ಕ್ಯುಬೇಟರ್) ಐತಿ. ಮನ್ಯಾಗ ಹೇಳಾಕ ನಾಚಿಕಿ, ಅದಕ್ಕ ಇಲ್ಲಿ ಬರಿಯಾಕತ್ತೀನಿ, ನೋಡಿದ್ರ ನನ್ನ ಕೂಸು ಅಂತ ಅನ್ಸವಲ್ದು, ಯಾರ್ದೋ ಕೂಸು ನೋಡಾಕ ಹೋದಂಗ ಆಗ್ತೈತಿ. ನಮ್ಮತ್ತಿ ಫೋನ್‌ನ್ಯಾಗ ಯಾರಿಗೋ "ಏಳರಾಗಿಂದು ಉಳಿತಾವ, ಎಂಟರಾಗಿಂದು ಉಳಿಯಂಗಿಲ್ಲ" ಅನ್ನದು ಕಿವಿಗೆ ಬಿತ್ತು, ಅವತ್ತಿಂದ ಮನಸ್ಸು ಹಚ್ಕೊಂಡ್ರ ಆಮ್ಯಾಲ ಹೆಂಗ ಅಂತ ದೂರನ ನಿಂದರ್ತೀನಿ. ತೊಟ್ಲದ ಮಾತು ಎತ್ತಬ್ಯಾಡ್ರಿ ಅಂದೀನಿ. ನಿಮಗೂ ಹಿಂಗಾಗಿತ್ತಾ?

ಸಿಂಧನೂರು_ಅಕ್ಕ:
ಆಗಿತ್ತವ್ವ. ಮೊದ್ಲ ವಾರ ಹಾಲು ಹಿಂಡಿ ಬಟ್ಟಲದಾಗ ಕೊಟ್ಟು ತಿರುಗಿ ನೋಡ್ದಂಗ ಬರ್ತಿದ್ದೆ. ಒಬ್ರು ಸಿಸ್ಟರ್ ಬೈದು ಕುಂದ್ರಿಸಿ, ಕೂಸಿಗೆ ಟೊಪ್ಪಿಗಿ, ಕಾಲಚೀಲ, ಡೈಪರ್ ಅಷ್ಟೇ ಹಾಕಿ ನನ್ನ ಎದಿಗೆ ಕಟ್ಟಿದ್ರು. ಅಂಜಿ ನಾನೇ ಉಸಿರು ಬಿಗಿ ಹಿಡ್ಕೊಂಡು ಕುಂತಿದ್ದೆ, ಬೆಕ್ಕಿನ ಮರಿ ಇದ್ದಂಗ ಇತ್ತು. ಮೂರನೇ ದಿನಕ್ಕ ಕುಪ್ಪಸದ ಅಂಚು ಹಿಡ್ದು ಬಿಡ್ಲೇ ಇಲ್ಲ ನೋಡು. ಈಗ ಅದಕ್ಕ ನಾಕು ವರ್ಷ, ಹೊಲಕ್ಕ ಹೋದ್ರ ಬದುವಿನ ಮ್ಯಾಲ ನಿಂದ್ರಂಗಿಲ್ಲ.

ಕೊಪ್ಪಳ_ದಾದಿ:
ಏಳು ಎಂಟರ ಮಾತು ಹಳೇ ನಂಬಿಕಿ, ಸುಳ್ಳು. ಹೊಟ್ಟ್ಯಾಗ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಪುಪ್ಪುಸ ಬಲೀತಾವ, ಏಳಕ್ಕಿಂತ ಎಂಟು ವಾಸಿನ. ಮ್ಯಾಲಿನ ಅಕ್ಕ ಹೇಳಿದ್ದಕ್ಕ ಕಾಂಗರೂ ಆರೈಕಿ ಅಂತಾರ, 1978ರಾಗ ಕೊಲಂಬಿಯಾ ದೇಶದ ಬೊಗೋಟಾದಾಗ ಪೆಟ್ಟಿಗಿ ಸಾಲ್ದೇ ಡಾಕ್ಟರ್‌ಗಳು ತಾಯಿ ಎದಿನೇ ಪೆಟ್ಟಿಗಿ ಮಾಡಿದ್ರು, ಈಗ ವಿಶ್ವ ಆರೋಗ್ಯ ಸಂಸ್ಥೆನೂ ದಿನಕ್ಕ 8 ರಿಂದ 24 ತಾಸು ಮಾಡ್ರಿ ಅಂತೈತಿ. ನೀನಾ ಹಿಡಿಬೇಕಂತಿಲ್ಲ, ಅಪ್ಪ, ಅಜ್ಜಿನೂ ಹಿಡಿಬಹುದು, ಅತ್ತೀನೂ ಕುಂದ್ರಿಸು ಒಂದಿನ. ಇನ್ನೊಂದು ಮರಿಬ್ಯಾಡ, 30 ದಿನದೊಳಗ ಕಣ್ಣಿನ ಪರದೆ ತಪಾಸಣಿ ಆಗಬೇಕು, ಇಷ್ಟು ಸಣ್ಣ ಕೂಸಿಗೆ ಅದು ಬೇಕೇ ಬೇಕು.

ರಾಯಚೂರು_85:
ನಂಗ ಎದಿಗೆ ಕಟ್ಕೊಂಡ್ರೂ ಏನೂ ಅನಿಸ್ಲಿಲ್ಲ, ಸುಳ್ಳು ಯಾಕ ಹೇಳ್ಲಿ. ಮೂರು ತಿಂಗಳು ನಿದ್ದಿಲ್ಲ, ಬರೇ ಅಳು, "ಬಾಣಂತಿ ಅಳಬಾರ್ದು" ಅಂತ ಎಲ್ಲಾರೂ ಬೈಯೋರೇ. ಕಡಿಗೆ ಡಾಕ್ಟರ್ ಮುಂದ ಹೇಳ್ದೆ, ಖಿನ್ನತೆ ಅಂದ್ರು, ಔಷಧಿ ಕೊಟ್ರು, ನಿಧಾನಕ್ಕ ಸರಿ ಹೋತು. ನಿಂಗ ಎರಡು ವಾರ ದಾಟಿದ್ರೂ ಹಿಂಗೇ ಇದ್ರ ಮುಚ್ಚಿಡಬ್ಯಾಡ ತಂಗಿ.

ಗಂಗಾವತಿ_ಹೊಸಅವ್ವ:
ಇವತ್ತು ಒಂದು ತಾಸು ಹಾಕ್ಕೊಂಡಿದ್ದೆ ಅಕ್ಕಾರ. ಪ್ರೀತಿ ಗೀತಿ ಏನೂ ಗೊತ್ತಾಗ್ಲಿಲ್ಲ, ಬೆವರು ಮಾತ್ರ ಇಳೀತು. ಸಿಸ್ಟರ್ ವಾಪಸ್ ತಗೊಳ್ಳಾಕ ಬಂದಾಗ ಮಾತ್ರ, ಇನ್ನೊಂದ್ ಐದು ನಿಮಿಷ ಇರ್ಲಿರಿ ಅಂದೆ.